ಭೂಕಂಪ: ಅನುಭವಕ್ಕೆ ಬಂದಿಲ್ಲ

ಮೋಹಿನಿ: ಸಹಿ ಹಾಕುವುದಿಲ್ಲ ಅಂದ್ರೆ ಹಾಕುವುದಿಲ್ಲ. ಇನ್ನು ಎಷ್ಟು ಸರ್ತಿ ಹೇಳುವುದು?

ಕಾಂತಪ್ಪ: ಮಾರಾಯ್ತಿ, ಒಂದು ಹೆಸರು ಬರೆದ್ರೆ ಕೈ ಸವೆದು ಹೋಗ್ತದಾ? ನಾನು ಹಾಕ್ಲಿಲ್ವಾ?

ಮೋಹಿನಿ: ನೀವು ಎಂತದಕ್ಕೂ ಹಾಕ್ತೀರಿ. ಚಾಳಿನ ಪಾಯಿಖಾನೆ ರಿಪೇರಿ ಬೇಕು ಅಂತ ಬರೆದ ಕಾಗದಕ್ಕೂ ಹಾಕಿದ್ದೀರಿ. ಬೇಡ ಅಂತ ಬರೆದ ಕಾಗದಕ್ಕೂ ಹಾಕಿದ್ದೀರಿ.

ಕಾಂತಪ್ಪ: ಎರಡನ್ನೂ ತಂದವರು ನಮ್ಮವರೇ ಅಲ್ವಾ? ಮುಖ ನೋಡಿ ಇಲ್ಲ ಅನ್ಲಿಕ್ಕೆ ಆಗ್ತದಾ?

ಜಯಸಿಂಹ: ನೋಡೀಮ್ಮಾ, ಇದು ಪಾಯಿಖಾನೆ ವಿಷಯ ಅಲ್ಲ. ಅಣುಶಕ್ತಿ ವಿಷಯ. ದೇಶದ ಭವಿಷ್ಯ.

ಮೋಹಿನಿ: ಪಾಯಿಖಾನೆ ಬಿದ್ರೆ ನಾಲ್ಕು ಮನೆಗೆ ಕಷ್ಟ ರಾಯರೇ. ಇದು ಬಿದ್ರೆ?

ಮುಂಬಯಿಯ ದಾದರಿನಲ್ಲಿ ರೈಲುಹಳಿಗೆ ತಾಗಿ ನಿಂತ ಚಾಳಿನ ಎರಡನೇ ಮಾಳಿಗೆಯ ಖೋಲಿ ಅದು. ೧೯೫೮ರ ಜುಲೈ ತಿಂಗಳು, ಬೆಳಗಿನಿಂದ ಬಿಟ್ಟೂಬಿಡದ ಮಳೆ, ಗಡಿಯಾರ ನಾಲ್ಕರ ಹತ್ತಿರ. ಇಬ್ಬರು ಗಂಡಸರು ಚಾಪೆಯ ಮೇಲೆ ಕುಳಿತು ಒಬ್ಬ ಹೆಂಗಸಿನ ಸಹಿಗಾಗಿ ಕಾಲು ಗಂಟೆಯಿಂದ ಬೆವರು ಸುರಿಸುತ್ತಿದ್ದರು.

ಮುಂಬಯಿಯ ಹೊರಗೆ ಸಮುದ್ರದ ನೀರು ಒಳನುಗ್ಗುವ ಒಂದು ಖಾರಿಯ ದಂಡೆಯಲ್ಲಿ ಅಣುವಿನಿಂದ ಕರೆಂಟು ತೆಗೆಯುವ ಕಾರ್ಖಾನೆ ಕಟ್ಟಬಹುದೋ ಬಾರದೋ ಎಂದು ನೋಡಲು ಒಂದು ಸಮಿತಿ. ಆ ಸಮಿತಿಗೆ ಒಂದು ಉಪಸಮಿತಿ. ಆ ಉಪಸಮಿತಿಗೆ ಒಬ್ಬ ಹಂಗಾಮಿ ಗುಮಾಸ್ತ. ಆ ಗುಮಾಸ್ತನೇ ಮೈಸೂರು ಕಡೆಯ ಜಯಸಿಂಹ. ಈ ಸೀಮೆಯಲ್ಲಿ ನೆಲ ನಡುಗುವುದುಂಟೇ ಎಂದು ನೂರು ಮನೆಗಳಲ್ಲಿ ಕೇಳಿ, ನೂರು ಫಾರಂ ತುಂಬಿಸಿ, ಇಂದು ಸಂಜೆ ಐದೂವರೆಯೊಳಗೆ ಫೋರ್ಟಿನ ಕಚೇರಿಯಲ್ಲಿ ಒಪ್ಪಿಸಿದರೆ ಅವನ ನೌಕರಿ ಖಾಯಂ. ತೊಂಬತ್ತೊಂಬತ್ತನ್ನು ಅವನು ತಾನಿರುವ ಆಂಟಾಪ್ ಹಿಲ್ ಕಾಲನಿಯಲ್ಲೇ ಮುಗಿಸಿದ್ದ. ಮುಗಿಸಿದ್ದ ಎಂದರೆ, ಹೆಂಡತಿ ಕೌಸಲ್ಯಾ ನಲ್ಲಿಯ ಸಾಲಿನಲ್ಲಿ ನಿಂತಾಗ ಫಾರಂಗಳನ್ನೂ ಒಯ್ದು ಸಹಿ ಹಾಕಿಸಿಕೊಂಡು ಬಂದಿದ್ದಳು; ಹಾಗೆಂದು ಅವನೇ ಇಲ್ಲಿ ಬಂದ ಕೂಡಲೇ ಹೆಮ್ಮೆಯಿಂದ ಹೇಳಿಕೊಂಡಿದ್ದ. ತೊಂಬತ್ತೊಂಬತ್ತರಲ್ಲೂ ಒಂದೇ ಉತ್ತರ: 'ಅನುಭವಕ್ಕೆ ಬಂದಿಲ್ಲ'. ಎಲ್ಲವೂ ಒಂದೇ ಕಾಲನಿಯವಾದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಮೇಲಿನವರು ಟಿಪ್ಪಣಿ ಹಾಕಿದ್ದರಿಂದ ನೂರನೆಯದಕ್ಕೆ ದಾದರಿಗೆ ಬಂದಿದ್ದ. ಫಾರಂಗೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕೆಂದು ನಿಯಮ ಮಾಡಿದವನು ಖಂಡಿತ ಬ್ರಹ್ಮಚಾರಿ.

ಮೋಹಿನಿಯ ಗಂಡ ಕಾಂತಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಈಗ ಬೇರೆಯವರ ಗಲ್ಲಾ ಕಾಯುತ್ತಿರುವ ಮನುಷ್ಯ. ಜಯಸಿಂಹನ ಮಧ್ಯಾಹ್ನದ ಊಟ ಅಲ್ಲೇ. ಒಂದು ದಿನ ಸಾರು ಎರಡನೇ ಸಲ ಬಡಿಸಿಕೊಂಡ ಸಂತೋಷದಲ್ಲಿ ಅವನು ಕಾಂತಪ್ಪನಿಗೆ ಮಾತು ಕೊಟ್ಟುಬಿಟ್ಟಿದ್ದ: ಕಾರ್ಖಾನೆ ಬಂದರೆ ಅದರ ಕ್ಯಾಂಟೀನು ನಿಮಗೇ, ಅದರ ಹಿಂದೆ ಕಾರ್ಖಾನೆಯ ಗೋಡೆಗೆ ತಾಗಿಕೊಂಡು ಸಂಸಾರಕ್ಕೆ ಕ್ವಾರ್ಟರ್ಸು. ಹಾಗೆ ಮಾತು ಕೊಡಲು ಉಪಸಮಿತಿಯ ಗುಮಾಸ್ತನಿಗೆ ಯಾವ ಅಧಿಕಾರವೂ ಇರಲಿಲ್ಲ. ಆದ್ದರಿಂದಲೇ ಧಾರಾಳವಾಗಿ ಕೊಟ್ಟಿದ್ದ.

ಆ ಗೋಡೆಗೆ ತಾಗಿ ಮಲಗಬೇಕಾದವರು ಮೋಹಿನಿಯ ಇಬ್ಬರು ಮಕ್ಕಳು. ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನೆಲ ನಡುಗಿದರೆ ಆ ಕಾರ್ಖಾನೆ ಏನಾಗುತ್ತದೆ? ಇಬ್ಬರೂ ಗಂಡಸರು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದರು.

ಜಯಸಿಂಹ: ಮುಂಬೈಯಲ್ಲಿ ನೆಲ ನಡುಗೋದೇ ಇಲ್ಲಮ್ಮ. ಅದನ್ನೇ ತಾನೇ ಈ ಫಾರಂನಲ್ಲಿ ಬರೀತಿರೋದು? ಭೂಕಂಪ ಅಂದರೆ...

ಅಷ್ಟರಲ್ಲಿ ನೆಲ ನಡುಗಿತು. ಗೂಡಿನಲ್ಲಿದ್ದ ಲೋಟಗಳು ಗಲಗಲ ಎಂದವು, ಕಿಟಕಿಯ ಗಾಜು ಗಡಗಡ ಎಂದಿತು, ಗೋಡೆಯ ಮೇಲಿನ ದೇವರ ಪಟ ಪಕ್ಕಕ್ಕೆ ವಾಲಿತು. ಜಯಸಿಂಹ ಚಂಗನೆ ಎದ್ದು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ. ಅವನ ಚಾ ಚಾಪೆಯ ಮೇಲೆ ಹರಿಯಿತು. ಗಂಡಹೆಂಡತಿ ಮಾತ್ರ ಕುಳಿತಲ್ಲೇ ಕೈಯ ಲೋಟವನ್ನು ಗೇಣುದ್ದ ಮೇಲೆತ್ತಿ ಹಿಡಿದು ಅಲ್ಲಾಟ ನಿಂತ ಮೇಲೆ ಕೆಳಗಿಟ್ಟರು. ಹುಬ್ಬು ಕೂಡ ಏರಿಸಿರಲಿಲ್ಲ.

ಜಯಸಿಂಹ: ಭೂ... ಭೂ...

ಮೋಹಿನಿ: ವಿರಾರ್ ಫಾಸ್ಟು. ಮಳೆಗೆ ಇವತ್ತು ಹದಿನೈದು ನಿಮಿಷ ಲೇಟು. ಕೂತ್ಕೊಳ್ಳಿ.

ಕಾಂತಪ್ಪ: ಸ್ವಾಮಿ, ಗಾಡಿ ಬಂದ್ರೆ ಲೋಟ ಎತ್ಬೇಕು. ಈ ಚಾಳಿನಲ್ಲಿ ಮಗು ನಡೀಲಿಕ್ಕೆ ಮೊದ್ಲು ಲೋಟ ಎತ್ಲಿಕ್ಕೆ ಕಲೀತದೆ.

ಜಯಸಿಂಹ: (ಪಂಚೆ ಒರೆಸಿಕೊಳ್ಳುತ್ತ) ದಿನಾ ಹೀಗೇನಾ?

ಮೋಹಿನಿ: ದಿನಕ್ಕೆಲ್ಲ ಆಗ್ಲಿಕ್ಕಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ. ಸ್ಲೋ ಗಾಡಿಗೆ ಚಮಚ ಮಾತ್ರ ಅಲ್ಲಾಡ್ತದೆ. ಫಾಸ್ಟಿಗೆ ಲೋಟ. ಮೇಲ್ ಗಾಡಿ ಬಂದ್ರೆ ಆ ಡಬ್ಬಗಳು. ಗೂಡ್ಸು ಬಂದ್ರೆ ಕಡೆಯುವ ಕಲ್ಲಿನ ಗುಂಡು ತಿರುಗ್ತದೆ. ನಾನು ಕಣ್ಣು ಮುಚ್ಚಿ ಹೇಳ್ತೇನೆ, ಯಾವ ಗಾಡಿ, ಎಷ್ಟು ಲೇಟು ಅಂತ.

ಕಾಂತಪ್ಪ: ಹನ್ನೊಂದು ವರ್ಷದಲ್ಲಿ ಅಲ್ಲಾಡದ್ದು ಅಂದ್ರೆ ನೀರಿನ ಆ ತಾಮ್ರದ ಹಂಡೆ ಒಂದೇ ಸ್ವಾಮಿ. ಅದು ಮತ್ತು ಇವಳ ಹಟ.

ಮೂಲೆಯಲ್ಲಿ ಕಂಠದವರೆಗೆ ನೀರು ತುಂಬಿದ್ದ ಹಂಡೆ ಕುಳಿತಿತ್ತು. ಬೆಳಗ್ಗೆ ನಲ್ಲಿ ಬಂದ ಒಂದು ಗಂಟೆಯಲ್ಲಿ ಅದನ್ನು ತುಂಬಿಸದೆ ಮೋಹಿನಿ ಒಲೆ ಹಚ್ಚುತ್ತಿರಲಿಲ್ಲ. ಬೆಂಕಿಗಿಂತ ಮೊದಲು ನೀರು ಮನೆಯಲ್ಲಿರಬೇಕು ಎಂಬುದು ಅವಳ ಶಾಸನ. ಗೂಡಿಗೆ ಅಡ್ಡಲಾಗಿ ಹಗ್ಗ ಕಟ್ಟಿದವಳೂ ಅವಳೇ. ಮಕ್ಕಳು ಮಲಗುವುದು ಆ ಗೂಡಿನ ಕೆಳಗೆ.

ಜಯಸಿಂಹ ಗಡಿಯಾರ ನೋಡಿದ. ಸಹಿ ಆಮೇಲೆ ನೋಡೋಣ, ಮೊದಲು ಫಾರಂ ತುಂಬೋಣ ಎಂದು ಪೆನ್ನು ತೆಗೆದ.

ಜಯಸಿಂಹ: ಹ್ಞೂಂ. ಒಂದನೇ ಪ್ರಶ್ನೆ. ಕಳೆದ ಹನ್ನೆರಡು ತಿಂಗಳಲ್ಲಿ ಮನೆಯಲ್ಲಿ ತೂಗುಹಾಕಿದ ವಸ್ತುಗಳು ತಾವಾಗಿ ಓಲಾಡಿವೆಯೇ?

ಮೋಹಿನಿ: ಓಲಾಡ್ತದೆ.

ಜಯಸಿಂಹ: ಪಾತ್ರೆಗಳು ಸದ್ದು ಮಾಡಿವೆಯೇ?

ಕಾಂತಪ್ಪ: ಈಗ ಕೇಳಿದ್ದೀರಲ್ಲ ಸ್ವಾಮಿ.

ಜಯಸಿಂಹ: ಮಲಗಿದವರಿಗೆ ಎಚ್ಚರವಾಗಿದೆಯೇ?

ಮೋಹಿನಿ: ಇಲ್ಲ. ಗಾಡಿ ನಿಂತ್ರೆ ಎಚ್ಚರ ಆಗ್ತದೆ. ಎಂತ ಆಯ್ತಪ್ಪ ಅಂತ ಗಾಬರಿ.

ಜಯಸಿಂಹ: ಗೋಡೆಯ ಗಾರೆ ಉದುರಿದೆಯೇ?

ಮೋಹಿನಿ: ನಿಮ್ಮ ತಲೆ ಮೇಲೆ ಸ್ವಲ್ಪ ಉಂಟು, ನೋಡಿ.

ಜಯಸಿಂಹ: (ತಲೆ ಕೊಡವಿಕೊಂಡು) ಗೋಡೆ ಬಿರುಕು ಬಿಟ್ಟಿದೆಯೇ?

ಕಾಂತಪ್ಪ: ಪಕ್ಕದ ಶಂಕ್ರೆಪ್ಪನ ಮನೆಯಲ್ಲಿ ದೀಪ ಹಚ್ಚಿದ್ರೆ ನಮ್ಮಲ್ಲಿ ಬೆಳಕು ಬರ್ತದೆ ಸ್ವಾಮಿ. ನಾವು ಎಣ್ಣೆ ಉಳಿಸ್ತೇವೆ.

ಜಯಸಿಂಹ ಫಾರಂನ ಹಿಂಬದಿ ತಿರುಗಿಸಿ ಅಚ್ಚಾಗಿದ್ದ ಕೋಷ್ಟಕಕ್ಕೆ ಬೆರಳು ಹಚ್ಚಿ ಲೆಕ್ಕ ಹಾಕಿದ. ಅವನ ಮುಖ ಬಿಳಿಚಿಕೊಂಡಿತು.

ಜಯಸಿಂಹ: ಈ ಕೋಷ್ಟಕದ ಪ್ರಕಾರ ನಿಮ್ಮ ಖೋಲಿಯಲ್ಲಿ ಎಂಟನೇ ದರ್ಜೆ ಭೂಕಂಪ ಆಗಿದೆ ಕಣ್ರೀ! 'ವಿನಾಶಕಾರಿ' ಅಂತ ಹಾಕಿದಾರೆ! ಇಂಥದೊಂದು ಉತ್ತರ ಹೋದರೆ ಇಡೀ ಯೋಜನೆ ನಿಲ್ಲತ್ತೆ.

ಮೋಹಿನಿ: ಮತ್ತೆ? ಬರೀರಿ.

ಜಯಸಿಂಹ: ಬರೆಯೋದಾ? ತಮಾಷೆನಾ? ಇದಕ್ಕೆಲ್ಲ ಕಾರಣ ರೈಲು. ಕೆಳಗಡೆ 'ಷರಾ' ಅಂತ ಒಂದು ಕಾಲಂ ಇದೆ. 'ಸದರಿ ಅಲುಗಾಟ ರೈಲ್ವೆ ಕಾರಣ. ಭೂಕಂಪ ಅನುಭವಕ್ಕೆ ಬಂದಿಲ್ಲ' ಅಂತ ಹಾಕಿಬಿಡ್ತೀನಿ. ಮುಗೀತು.

ಮೋಹಿನಿ: ನಾಳೆ ನಿಜವಾದ ಭೂಕಂಪ ಬಂದ್ರೆ ಈ ಚಾಳಿನವರಿಗೆ ಗೊತ್ತಾಗ್ತದಾ ರಾಯರೇ? ಲೋಟ ಎತ್ತಿ ಹಿಡ್ದು ಕೂರ್ತೇವೆ. ಅದನ್ನು ಕೇಳ್ಲಿಕ್ಕೆ ನಮ್ಮಲ್ಲಿಗೇ ಬಂದಿದ್ದೀರಲ್ಲ, ನಿಮ್ಮ ಬುದ್ಧಿಗೆ ಎಂತ ಹೇಳುವುದು! ಕಾರ್ಖಾನೆ ಕಟ್ಟುವುದು ಖಾರಿಯಲ್ಲಿ. ಅಲ್ಲಿ ಹೋಗಿ ಕೇಳ್ಬೇಕಲ್ವಾ?

ಜಯಸಿಂಹ: ಅಲ್ಲಿ ಜನ ಇಲ್ಲ. ಜನ ಇಲ್ಲದ ಕಡೆ ಯಾರನ್ನಮ್ಮ ಕೇಳೋದು? ಮೇಲಾಗಿ ಅಲ್ಲಿಗೆ ಲೋಕಲ್ ಹೋಗೋಲ್ಲ.

ಮೋಹಿನಿ ತಲೆಗೆ ಕೈ ಇಟ್ಟುಕೊಂಡಳು. ಓದಿದವರೆಂದರೆ ಅವಳಿಗೆ ಮೊದಲಿನಿಂದ ಒಂದಿಷ್ಟು ಗೌರವವಿತ್ತು. ಅದು ಈಗ ಗೋಡೆಯ ಗಾರೆಯಂತೆ ಉದುರುತ್ತಿತ್ತು. ಆದರೂ ಇವನು ಕಚೇರಿಯವನು, ಏನಾದರೂ ಗೊತ್ತಿರಬಹುದು ಎಂಬ ಆಸೆಯಿಂದ ಅವನ ಲೋಟಕ್ಕೆ ಮತ್ತೆ ಚಾ ಸುರಿದಳು.

ಮೋಹಿನಿ: ಅದೆಲ್ಲ ಇರ್ಲಿ. ನಾನು ಕೇಳಿದ್ದಕ್ಕೆ ಉತ್ತರ ಹೇಳಿ, ಸಹಿ ಹಾಕ್ತೇನೆ. ನಿಮ್ಮ ಅಣುವಿನ ಒಲೆ ಉರೀತಾ ಉಂಟು. ನೆಲ ಅಲ್ಲಾಡಿತು. ಮೊದ್ಲು ಎಂತ ಮಾಡ್ತಾರೆ?

ಜಯಸಿಂಹ: (ಹುರುಪಿನಿಂದ) ಏನೂ ಮಾಡ್ಬೇಕಾಗೇ ಇಲ್ಲ! ಅದೇ ವಿಜ್ಞಾನ. ಮೇಲಿಂದ ಸರಳುಗಳು ತಾವೇ ಒಳಗೆ ಇಳೀತವೆ. ಒಲೆ ಆರಿಹೋಗತ್ತೆ.

ಮೋಹಿನಿ: ಸರಳು ಇಳಿಯುವ ತೂತು ಅಲ್ಲಾಡಿ ಸೊಟ್ಟ ಆದ್ರೆ? ನಮ್ಮ ಈ ಕಿಟಕಿ ನೋಡಿ. ಮಳೆ ಶುರುವಾದ್ರೆ ಇದರ ಚಿಲಕ ತೂತಿಗೆ ಇಳಿಯುವುದಿಲ್ಲ.

ಜಯಸಿಂಹ: ಅಣುಶಕ್ತಿಗೂ ನಿಮ್ಮ ಕಿಟಕಿ ಚಿಲಕಕ್ಕೂ ಏನಮ್ಮ ಸಂಬಂಧ?

ಮೋಹಿನಿ: ಎರಡೂ ತೂತಿಗೇ ಇಳೀಬೇಕಲ್ಲ.

ಕಾಂತಪ್ಪ: ಇಳೀತದೆ ಮಾರಾಯ್ತಿ, ಇಳೀತದೆ ಅಂತ ಇಟ್ಕೊ. ಒಲೆ ಆರಿತು. ಸಹಿ ಹಾಕು.

ಮೋಹಿನಿ: ನೀವು ಹೋಟೆಲಿನವರಾ ಎಂತ? ಒಲೆ ಆರಿಸಿದ ಕೂಡ್ಲೆ ಕಾವಲಿ ಮುಟ್ತೀರಾ?

ಕಾಂತಪ್ಪ: ಅದು ಹೇಗೆ? ಅರ್ಧ ಗಂಟೆ ಕೈ ಸುಡ್ತದೆ.

ಮೋಹಿನಿ: ಹಾಗಾದ್ರೆ ರಾಯರೇ, ಒಂದು ದೋಸೆ ಕಾವಲಿಗೇ ಅರ್ಧ ಗಂಟೆ. ನಿಮ್ಮದು ಊರಿಗೆ ಊರೇ ಬೆಳಗುವ ಒಲೆ. ಆರಿದ ಮೇಲೆ ಎಷ್ಟು ಹೊತ್ತು ಬಿಸಿ?

ಜಯಸಿಂಹ: ಅದೂ... ಕೆಲವು ದಿವಸ ಇರತ್ತಂತೆ. ಅದಕ್ಕೇ ನೀರು ಹರಿಸ್ತಾನೇ ಇರ್ತಾರೆ. ತಣ್ಣೀರು. ಧಾರಾಳ ನೀರು.

ಮೋಹಿನಿ: ನೀರು ತಾನಾಗಿ ಹರೀತದಾ?

ಜಯಸಿಂಹ: ಪಂಪು ಇರತ್ತಲ್ಲ.

ಮೋಹಿನಿ: ಪಂಪು ಯಾವುದರಲ್ಲಿ ತಿರುಗ್ತದೆ?

ಜಯಸಿಂಹ: ಕರೆಂಟಿನಲ್ಲಿ.

ಮೋಹಿನಿ: ಕರೆಂಟು ಎಲ್ಲಿಂದ?

ಜಯಸಿಂಹ: (ನಕ್ಕು) ಇದೇನಮ್ಮ ಹೀಗೆ ಕೇಳ್ತೀರಿ! ಕರೆಂಟಿನ ಕಾರ್ಖಾನೆ ಅದು. ಕರೆಂಟಿಗೇನು ಬರ? ಅಲ್ಲಿಂದಲೇ.

ಮೋಹಿನಿ: ಅದು ಆರಿದೆ.

ಜಯಸಿಂಹ ನಗುವನ್ನು ಅರ್ಧದಲ್ಲೇ ಮಡಚಿ ಇಟ್ಟುಕೊಂಡ. ಕಾಂತಪ್ಪನಿಗೂ ಎಲ್ಲೋ ಏನೋ ತೊಡಕಾಯಿತು ಎನ್ನಿಸಿರಬೇಕು. ಅವನು ಚಾಪೆಯ ಅಂಚಿನ ನಾರು ಕೀಳತೊಡಗಿದ.

ಜಯಸಿಂಹ: ಹಾಂ, ಡೀಸೆಲ್ ಇಂಜಿನ್! ನೆನಪಾಯ್ತು. ನಕ್ಷೆಯಲ್ಲಿ ಇದೆ. ಕರೆಂಟು ಹೋದರೆ ಡೀಸೆಲ್ ಇಂಜಿನ್ ಪಂಪು ತಿರುಗ್ಸತ್ತೆ.

ಮೋಹಿನಿ: ಒಳ್ಳೇದಾಯ್ತು. ಎಲ್ಲಿ ಇಡ್ತಾರೆ ಅದನ್ನು?

ಜಯಸಿಂಹ: ಭದ್ರವಾಗಿ. ನೆಲಮಾಳಿಗೆಯಲ್ಲಿ.

ಮೋಹಿನಿ: ಖಾರಿಯ ದಂಡೆಯಲ್ಲಿ? ನೆಲದ ಅಡಿಯಲ್ಲಿ?

ಜಯಸಿಂಹ: ಹೌದು. ಜಾಗ ಉಳಿಯತ್ತೆ.

ಮೋಹಿನಿ: ಕೆಳಗಿನ ಕಿರಾಣಿ ಅಂಗಡಿಯ ಕಚ್ಛಿ ಸೇಠ್ ಅಕ್ಕಿಯನ್ನು ಭದ್ರವಾಗಿ ನೆಲಮಾಳಿಗೆಯಲ್ಲೇ ಇಟ್ಟಿದ್ದ ರಾಯರೇ. ಮಳೆನೀರು ನುಗ್ಗಿ ಬೆಳಗ್ಗಿನಿಂದ ಅಲ್ಲಿ ಗಂಜಿ ಉಂಟು. ಬೇಕಾದ್ರೆ ಉಪ್ಪು ಹಾಕಿ ಕೊಡ್ತಾನೆ.

ಕಾಂತಪ್ಪ: ನೀನು ಬರೀ ಕೆಟ್ಟದ್ದೇ ಯೋಚ್ನೆ ಮಾಡ್ತಿ.

ಮೋಹಿನಿ: ಆ ಸೇಠ್ ಊರು ಯಾವುದು ಗೊತ್ತುಂಟಲ್ಲ ನಿಮಗೆ? ಅಂಜಾರ್. ಎರಡು ವರ್ಷದ ಹಿಂದೆ ಇದೇ ತಿಂಗಳು ತಲೆ ಬೋಳಿಸಿಕೊಂಡು ವಾಪಸ್ ಬಂದ. ಅಲ್ಲಿ ಭೂಕಂಪಕ್ಕೆ ಮನೆ ಬಿದ್ದದ್ದು ಅವನ ತಾಯಿಯ ಮೇಲೆ. ಎರಡಾಳು ದಪ್ಪದ ಗೋಡೆ ಇತ್ತಂತೆ, ಅಜ್ಜನ ಕಾಲದ್ದು. ಏನೂ ಆಗ್ಲಿಕ್ಕಿಲ್ಲ ಅಂತ ಅವಳೂ ಹೇಳ್ತಿದ್ದಳಂತೆ.

ಜಯಸಿಂಹ: ಅಂಜಾರ್ ಅಂದ್ರೆ ಕಚ್ಛ. ಅದು ನಮ್ಮ ಹಾಳೇಲಿ ಬರೋಲ್ಲ.

ಮೋಹಿನಿ: ಯಾವ ಹಾಳೆ?

ಜಯಸಿಂಹ: ನಕ್ಷೆ ಹಾಳೆ ಕಣಮ್ಮ. ನಮ್ಮ ಉಪಸಮಿತಿಗೆ ಕೊಟ್ಟಿರೋದು ಒಂದೇ ಹಾಳೆ. ಅಂಜಾರ್ ಬೇರೆ ಹಾಳೆ, ಅದಕ್ಕೆ ಬೇರೆ ಉಪಸಮಿತಿ. ಆ ಭೂಕಂಪಕ್ಕೂ ನಮಗೂ ಸಂಬಂಧ ಇಲ್ಲ.

ಮೋಹಿನಿ: ಹಾಳೆ ಎಲ್ಲಿಗೆ ಮುಗೀತದೆ ಅಂತ ಭೂಮಿಗೆ ಬರೆದು ತಿಳಿಸಿದ್ದೀರಾ?

ಜಯಸಿಂಹ: (ಕೆರಳಿ) ಏನಮ್ಮಾ ನೀವು! ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಹೊಳೆಯದ್ದು ನಿಮಗೆ ಹೊಳೀತಾ? ಅವರೆಲ್ಲ ಇದನ್ನ ಯೋಚ್ನೆ ಮಾಡಿರೋಲ್ವೆ?

ಮೋಹಿನಿ: ಮಾಡಿರ್ತಾರೆ ರಾಯರೇ, ಅವರು ದಡ್ಡರಲ್ಲ. ಅವರು ನೆಲದ ಬಗ್ಗೆ ಕೇಳಿದ್ದು ನಿಮ್ಮ ಹತ್ತಿರ ಅಲ್ವಾ? ನೀವು ಕೇಳಿದ್ದು ನಿಮ್ಮ ಮನೆಯವರ ಹತ್ತಿರ. ಅವರು ಕೇಳಿದ್ದು ನಲ್ಲಿಯ ಸಾಲಿನಲ್ಲಿ. ನನಗೆ ಹೆದರಿಕೆ ಅಣುವಿನದ್ದಲ್ಲ. ನಿಮ್ಮದು. ನೀವೇ ಬರ್ತೀರಾ ಆ ಕ್ವಾರ್ಟರ್ಸಿಗೆ?

ಜಯಸಿಂಹ: ನಮ್ಮ ಕೌಸಲ್ಯಾಗೆ ಉಪ್ಪುಗಾಳಿ ಆಗೋಲ್ಲ.

ಗಡಿಯಾರ ನಾಲ್ಕೂವರೆ ದಾಟಿತ್ತು. ಜಯಸಿಂಹ ಕಾಂತಪ್ಪನ ಕಡೆ ನೋಡಿದ. ಹೆಂಡತಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾಗದ ಗಂಡಸನ್ನು ನೋಡುವ ನೋಟ ಅದು. ಅವನ ಮನೆಯಲ್ಲಿ ಕನ್ನಡಿ ಇರಲಿಲ್ಲವೇನೋ. ಕಾಂತಪ್ಪ ಗಂಟಲು ಸರಿಮಾಡಿಕೊಂಡು ಹೆಂಡತಿಯ ಹತ್ತಿರಕ್ಕೆ ಜರುಗಿದ. ಅವನ ದನಿ ಒಮ್ಮೆಗೇ ಇಳಿದಿತ್ತು.

ಕಾಂತಪ್ಪ: ಮೋಹಿನಿ, ಕೇಳು. ನಾನು ಹದಿಮೂರು ವರ್ಷಕ್ಕೆ ಊರು ಬಿಟ್ಟು ಬಂದವ. ಮೊದ್ಲು ಕಪ್ಪು ಬಸಿ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಈಗ ಗಲ್ಲಾದಲ್ಲಿ ಕೂರ್ತೇನೆ. ಆದ್ರೂ ಹೋಟೆಲಿನ ಶೇಟ್ರು ಬಂದ್ರೆ ಎದ್ದು ನಿಲ್ಬೇಕು. ಒಂದು ಸರ್ತಿ... ಒಂದೇ ಒಂದು ಸರ್ತಿ ನಾನು ಕೂತ ಕುರ್ಚಿಯಿಂದ ಏಳದೆ ಇರ್ಬೇಕು ಅಂತ ಆಸೆ ಮಾರಾಯ್ತಿ. ಮಕ್ಕಳು ನೋಡ್ಬೇಕು ಅದನ್ನು. ಬೇರೆ ಎಂತದೂ ಬೇಡ ನನಗೆ.

ಗುಮಾಸ್ತನನ್ನು ಮೋಹಿನಿ ಇನ್ನೂ ಎರಡು ಗಂಟೆ ಬೇಕಾದರೆ ಅರೆಯುತ್ತಿದ್ದಳು, ಆದರೆ ಇದನ್ನು ಹೇಗೆ ಎದುರಿಸುವುದು? ಈ ಮನುಷ್ಯನ ಪೆದ್ದುತನಕ್ಕೆ ಸಿಟ್ಟು ಬರುತ್ತಿತ್ತು, ಅವನು ಎದ್ದು ನಿಲ್ಲುವುದನ್ನು ನೆನೆದರೆ ಆ ಸಿಟ್ಟು ನಿಲ್ಲುತ್ತಿರಲಿಲ್ಲ. ಗೂಡಿಗೆ ತಾನು ಕಟ್ಟಿದ ಹಗ್ಗವನ್ನು ಒಮ್ಮೆ ನೋಡಿದಳು.

ಮೋಹಿನಿ: ಇಲ್ಲಿ ಲೋಟ ಬೀಳದ ಹಾಗೆ ಹಗ್ಗ ಕಟ್ಟಿದ್ದೇನೆ. ಅಲ್ಲಿ ನಾನು ಎಂತದಕ್ಕೆ ಹಗ್ಗ ಕಟ್ಟುವುದು ಹೇಳಿ?

ಕಾಂತಪ್ಪ ತಲೆ ಬಗ್ಗಿಸಿದ. ಮೋಹಿನಿ ನಿಟ್ಟುಸಿರು ಬಿಟ್ಟು ಕೈ ಚಾಚಿದಳು.

ಮೋಹಿನಿ: ಕೊಡಿ ಆ ಪೆನ್ನು.

ಜಯಸಿಂಹ: ಒಂದೇ ನಿಮಿಷ ತಾಯಿ, ಷರಾ ಬರೆದುಬಿಡ್ತೀನಿ. ಅದರ ಕೆಳಗೆ ನಿಮ್ಮ ಸಹಿ.

ಜಯಸಿಂಹ ತೊಡೆಯ ಮೇಲೆ ಫಾರಂ ಇಟ್ಟುಕೊಂಡು ದುಂಡಗೆ ಬರೆಯತೊಡಗಿದ. 'ಸದರಿ ಅಲುಗಾಟ ರೈಲ್ವೆ ಕಾರಣ' ಎಂದು ಬರೆದು, 'ಭೂಕಂಪ' ಎಂಬಲ್ಲಿಗೆ ಬಂದಾಗ ನೆಲ ನಡುಗಿತು. ಗೂಡಿನ ಲೋಟಗಳು ಗಲಗಲ ಎಂದವು, ಡಬ್ಬಗಳು ಒಂದಕ್ಕೊಂದು ಬಡಿದವು, ಕಡೆಯುವ ಕಲ್ಲಿನ ಗುಂಡು ಅರ್ಧ ಸುತ್ತು ತಿರುಗಿತು. ಕಾಂತಪ್ಪ ತನ್ನ ಲೋಟ ಎತ್ತಿ ಹಿಡಿದ. ಜಯಸಿಂಹನೂ, ತಲೆ ಕೂಡ ಮೇಲೆತ್ತದೆ, ಎಡಗೈಯಲ್ಲಿ ಲೋಟವನ್ನು ಗೇಣುದ್ದ ಮೇಲಕ್ಕೆ ಹಿಡಿದು ಬಲಗೈಯಲ್ಲಿ 'ಅನುಭವಕ್ಕೆ ಬಂದಿಲ್ಲ' ಎಂದು ಬರೆದು ಮುಗಿಸಿದ.

ಕಾಂತಪ್ಪ: (ಮೆಚ್ಚಿ) ಆಹಾ! ಸ್ವಾಮಿ ಒಂದೇ ದಿನದಲ್ಲಿ ನಮ್ಮ ಚಾಳಿನವರೇ ಆಗಿಬಿಟ್ಟರು.

ಜಯಸಿಂಹ: ಗೂಡ್ಸು ಅಲ್ವೆ? ಗುಂಡು ತಿರುಗಿದ ಸದ್ದಾಯ್ತು. ಹ್ಞೂಂ, ಇಲ್ಲಿ ಹಾಕೀಮ್ಮಾ ಸಹಿ.

ಮೋಹಿನಿ ಪೆನ್ನು ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ಮೂಲೆಯಲ್ಲಿತ್ತು. ಹಂಡೆಯ ಕಂಠದಿಂದ ನೀರು ತುಳುಕಿ, ತಾಮ್ರದ ಹೊಟ್ಟೆಯ ಮೇಲೆ ಇಳಿದು, ನೆಲದ ಮೇಲೆ ಹರಿದು ಚಾಪೆಯ ಕಡೆಗೆ ಬರುತ್ತಿತ್ತು.

ಮೋಹಿನಿ: ಇದು ಯಾವ ಗಾಡಿ?

ಕಾಂತಪ್ಪ: ಗೂಡ್ಸು ಅಂತ ಹೇಳಿದ್ರಲ್ಲ ಅವರು.

ಮೋಹಿನಿ: ಗೂಡ್ಸಿಗೆ ಹಂಡೆ ತುಳುಕುವುದಿಲ್ಲ. ಹನ್ನೊಂದು ವರ್ಷದಲ್ಲಿ ತುಳುಕ್ಲಿಲ್ಲ. ಮತ್ತೆ, ಹಳಿಯ ಸದ್ದು ಎಲ್ಲಿ? ವಿರಾರ್ ಫಾಸ್ಟು ಹೋದ ಮೇಲೆ ಒಂದು ಸ್ಲೋ ಗಾಡಿ ಕೂಡ ಬರ್ಲಿಲ್ಲ. ಇವರ ಜೊತೆ ಜಗಳ ಆಡ್ತಾ ನಾನು ಗಮನಿಸ್ಲೇ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನೆರೆಮನೆಯ ಶಂಕ್ರೆಪ್ಪ ಕಾಣಿಸಿಕೊಂಡ.  ಬಾಗಲಕೋಟೆ ಕಡೆಯವನು, ರೈಲ್ವೆಯ ಗ್ಯಾಂಗ್‌ಮನ್. ಸೊಂಟದವರೆಗೆ ಕೆಸರು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ.

ಕಾಂತಪ್ಪ: ಏನು ಶಂಕ್ರೆಪ್ಪ, ಇಷ್ಟು ಬೇಗ? ಡ್ಯೂಟಿ ಇಲ್ವಾ?

ಶಂಕ್ರೆಪ್ಪ: ಎಲ್ಲೀ ಡ್ಯೂಟಿ ತಗೀರಿ! ಹಳಿ ಮ್ಯಾಲೆ ಮೊಣಕಾಲ ಮಟ ನೀರು ನಿಂತಾವ. ಎರಡೂ ಲೈನು ಬಂದ್. ಕಡೀ ಗಾಡಿ ಹೋಗಿ ಅರ್ಧ ತಾಸ ಮ್ಯಾಲಾತು. ಟ್ರಾಮೂ ಇಲ್ಲ, ಬಸ್ಸೂ ಇಲ್ಲ. ಅದಿರ್ಲಿ ಅಕ್ಕಾ, ಈಗ ಮೆಟ್ಟಲಾ ಹತ್ತೂವಾಗ ಗ್ವಾಡಿ ಹಿಂಗ್ ಹೊಯ್ದಾಡಿದಂಗಾತು. ನನಗೇ ತಲಿ ತಿರುಗಿತೋ ಏನ್ ಚಾಳ ತಿರುಗಿತೋ ತಿಳೀಲಿಲ್ಲ. ನಿಮಗೇನರ ಗೊತ್ತಾತೇನು?

ಹಂಡೆಯ ನೀರು ಬಂದು ಜಯಸಿಂಹನ ಪಂಚೆಯನ್ನು ಮುಟ್ಟಿತು. ಕಾಂತಪ್ಪ ಮೆಲ್ಲಗೆ ಎದ್ದು ಹೋಗಿ ಗೂಡಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

ಕಾಂತಪ್ಪ: ಸ್ವಾಮಿ... ಆ ಕ್ಯಾಂಟೀನನ್ನು ದಾದರಿನಲ್ಲೇ ಇಟ್ಟು, ಊಟ ಮಾತ್ರ ಅಲ್ಲಿಗೆ ಕಳಿಸಿದ್ರೆ ಆಗ್ತದಾ?

ಮೋಹಿನಿ: ರಾಯರೇ, ಈಗ ಅನುಭವಕ್ಕೆ ಬಂತಲ್ಲ? ಬರೆದದ್ದನ್ನು ಹೊಡೆದುಹಾಕಿ. 'ಹೌದು' ಅಂತ ಬರೀರಿ, ಈಗಲೇ ಸಹಿ ಹಾಕ್ತೇನೆ. ಎರಡು ಸಹಿ ಬೇಕಾದ್ರೂ ಹಾಕ್ತೇನೆ.

ಜಯಸಿಂಹ: 'ಹೌದು' ಅಂತ ಬರೆಯೋಕೆ ಬರೋಲ್ಲಮ್ಮ.

ಮೋಹಿನಿ: ಯಾಕೆ? ಕೈಗೆ ಎಂತ ಆಗಿದೆ?

ಜಯಸಿಂಹ: 'ಹೌದು' ಅನ್ನೋರಿಗೆ ಬೇರೆ ಫಾರಂ. ಗುಲಾಬಿ ಬಣ್ಣದ್ದು. ಅದನ್ನ ಅಚ್ಚು ಹಾಕಿಸೇ ಇಲ್ಲ. ಬೇಕಾಗತ್ತೆ ಅಂತ ಯಾರಿಗೂ ಅನ್ನಿಸಲಿಲ್ಲ.

ಮೋಹಿನಿ: ಹಾಗಾದ್ರೆ ಈಗ ನೆಲ ನಡುಗಿದ್ದು ಎಂತದು?

ಜಯಸಿಂಹ: (ಒಂದೇ ಕೈಯಲ್ಲಿ ಫಾರಂ ಮಡಚುತ್ತ) ರೈಲು.

ಮೋಹಿನಿ: ರೈಲೇ ಇಲ್ಲ ಅಂತ ಹಳಿಯಿಂದಲೇ ಬಂದವ ಹೇಳ್ತಾ ಇದ್ದಾನಲ್ಲ ರಾಯರೇ!

ಜಯಸಿಂಹ: ಇವರು ಬಾಯಲ್ಲಿ ಹೇಳಿದರೆ ಆಯ್ತಾ? ರೈಲು ನಿಂತಿದೆ ಅಂತ ರೈಲ್ವೆಯವರಿಂದ ನಮ್ಮ ಉಪಸಮಿತಿಗೆ ಕಾಗದ ಬರ್ಬೇಕು. ಬರೋ ತನಕ ನಮ್ಮ ದಾಖಲೆ ಪ್ರಕಾರ ರೈಲು ಓಡ್ತಾ ಇದೆ. ನಿಮ್ಮ ಸಹಿ ಇಲ್ಲದಿದ್ದರೂ ಚಿಂತೆಯಿಲ್ಲ, 'ಪತ್ನಿ ಮನೆಯಲ್ಲಿರಲಿಲ್ಲ' ಅಂತ ಷರಾ ಹಾಕ್ಕೋತೀನಿ. ಐದೂವರೆಗೆ ಫೋರ್ಟಿನಲ್ಲಿ ಇರ್ಬೇಕು ನಾನು. ಹೊರಟೆ.

ಮನೆಯಲ್ಲಿರದ ಪತ್ನಿ ಎದ್ದು ಹೋಗಿ ಮೂಲೆಯಿಂದ ಅವನ ಕೊಡೆ ತಂದುಕೊಟ್ಟಳು. ಅವನ ಎಡಗೈಯಲ್ಲಿ ಇನ್ನೂ ಗೇಣುದ್ದ ಮೇಲೆಯೇ ಇದ್ದ ಲೋಟವನ್ನು ಬಿಡಿಸಿಕೊಂಡಳು. ಆಮೇಲೆ ಬಾಗಿಲು ಪೂರ್ತಿ ತೆರೆದು, ಕೆಳಗೆ ಕಂದು ನೀರಿನಡಿ ಕಾಣೆಯಾಗಿದ್ದ ಹಳಿಗಳ ಕಡೆಗೆ ಕೈ ತೋರಿಸಿದಳು.

ಮೋಹಿನಿ: ಹಾಗೇ ಮಾಡಿ ರಾಯರೇ. ನಿಮ್ಮ ದಾಖಲೆಯಲ್ಲಿ ಓಡ್ತಾ ಉಂಟಲ್ಲ, ಈಗಷ್ಟೇ ನಮ್ಮನ್ನೆಲ್ಲ ಅಲ್ಲಾಡಿಸಿತಲ್ಲ ಆ ಗಾಡಿ, ಅದನ್ನೇ ಹತ್ತಿ ಫೋರ್ಟಿಗೆ ಹೋಗಿ. ಬೇಗ ಹೊರಡಿ, ಅದು ಲೇಟಾಗುವ ಗಾಡಿ ಅಲ್ಲ.